ಬಿಲ್ ಇದ್ದವನಿಗೇ ಬೀಗ: ತಂತ್ರಾಂಶದ ಆ್ಯಕ್ಟಿವೇಶನ್ ಕುರಿತು ಒಂದು ದೂರು ಪತ್ರ

ಇವರಿಂದ: ಸಣ್ಣ ಮುದ್ರಣಾಲಯವೊಂದರ ಮಾಲೀಕ, ಗದಗ-ಬೆಟಗೇರಿ

ಇವರಿಗೆ: ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ, ಕನ್ನಡ ಅಕ್ಷರವಿನ್ಯಾಸ ತಂತ್ರಾಂಶದ ಕಂಪನಿ

ದಿನಾಂಕ: 05-05-2025

ವಿಷಯ: ಮದರ್‌ಬೋರ್ಡ್ ಬದಲಿಸಿದ ಕಾರಣಕ್ಕೆ, ಹಣ ಕೊಟ್ಟು ಕೊಂಡ ತಂತ್ರಾಂಶಕ್ಕೆ ಆ್ಯಕ್ಟಿವೇಶನ್ (ಕಂಪನಿಯ ಒಪ್ಪಿಗೆ ಪಡೆದ ಮೇಲಷ್ಟೇ ಒಂದು ಕಂಪ್ಯೂಟರಿನಲ್ಲಿ ತಂತ್ರಾಂಶ ತೆರೆಯುವ ವ್ಯವಸ್ಥೆ) ನಿರಾಕರಿಸಿದ ಬಗ್ಗೆ.

ಮಾನ್ಯರೇ,

ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ, ಸಹಕಾರಿ ಸಂಘಗಳ ವಾರ್ಷಿಕ ವರದಿ ಇವೇ ನನ್ನ ಕೆಲಸಗಳು. ಮಗನೊಬ್ಬನ ನೆರವಿನಿಂದ ಇದರಲ್ಲೇ ಹೊಟ್ಟೆ ಹೊರೆಯುತ್ತಿದ್ದೇನೆ. ತಮ್ಮ ತಂತ್ರಾಂಶವನ್ನು 2019ರಲ್ಲಿ ಜಿಎಸ್‌ಟಿ ಸೇರಿ 14,160 ರೂಪಾಯಿಗೆ ಕೊಂಡಿದ್ದು, ಅಂದಿನಿಂದ ಪ್ರತಿ ವರ್ಷ 2,950 ರೂಪಾಯಿ ನಿರ್ವಹಣಾ ಶುಲ್ಕವನ್ನೂ ತಪ್ಪದೆ ಕಟ್ಟುತ್ತಿದ್ದೇನೆ.

ಏಪ್ರಿಲ್ 16ರ ರಾತ್ರಿ ಗುಡುಗು ಸಿಡಿಲಿನೊಂದಿಗೆ ಸುರಿದ ಅಡ್ಡಮಳೆಯಲ್ಲಿ ನನ್ನ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಮರುದಿನವೇ ಹುಬ್ಬಳ್ಳಿಯಿಂದ ಮೆಕ್ಯಾನಿಕ್‌ನನ್ನು ಕರೆಸಿ ಹೊಸ ಬೋರ್ಡ್ ಹಾಕಿಸಿದೆ. ಹಾರ್ಡ್ ಡಿಸ್ಕ್ ಉಳಿದಿತ್ತು, ಫೈಲುಗಳೆಲ್ಲ ಇದ್ದವು. ಆದರೆ ತಮ್ಮ ತಂತ್ರಾಂಶ ತೆರೆದಾಗ ‘ಇದು ಬೇರೆ ಯಂತ್ರ’ ಎಂದಿತು. ಕೀ, ಎಂದರೆ ಕೊಂಡಾಗ ಕೊಟ್ಟ ಗುಪ್ತ ಸಂಕೇತವನ್ನು, ಮತ್ತೆ ಹಾಕಿದರೆ ‘ಆ್ಯಕ್ಟಿವೇಶನ್ ಮಿತಿ ಮುಗಿದಿದೆ’ ಎಂದಿತು. ಒಂದು ಕೀ ಎರಡು ಸಲ ಮಾತ್ರ ನಡೆಯುತ್ತದೆಯಂತೆ. ಮೊದಲನೆಯದು ಕೊಂಡಾಗ ಆಯಿತು, ಎರಡನೆಯದು 2022ರಲ್ಲಿ ಕಂಪ್ಯೂಟರ್ ಬದಲಿಸಿದಾಗ ಆಯಿತು. ಮೂರನೆಯದು ಬೇಕಾದರೆ ಹಳೆಯ ಯಂತ್ರದಲ್ಲಿ ತಂತ್ರಾಂಶವನ್ನು ತೆರೆದು ಅಲ್ಲಿಂದಲೇ ‘ಡಿಆ್ಯಕ್ಟಿವೇಟ್’ ಮಾಡಬೇಕು ಎಂದು ತಮ್ಮ ನಿಯಮ ಹೇಳುತ್ತದೆ. ಸುಟ್ಟು ಕರಕಲಾದ ಬೋರ್ಡಿನಲ್ಲಿ ತಂತ್ರಾಂಶವನ್ನು ತೆರೆಯುವ ಬಗೆ ಹೇಗೆಂಬುದನ್ನು ಮಾತ್ರ ಆ ನಿಯಮ ಹೇಳುವುದಿಲ್ಲ.

ಮರುದಿನ, 18ರಂದು, ಗುಡ್ ಫ್ರೈಡೇ. 19 ಮತ್ತು 20 ಶನಿವಾರ, ಭಾನುವಾರ. ಈ ಮೂರು ದಿನವೂ ತಮ್ಮ ಸಹಾಯವಾಣಿಯಲ್ಲಿ ಸಂಗೀತ ಕೇಳಿಸಿತೇ ಹೊರತು ಮನುಷ್ಯರ ದನಿ ಕೇಳಿಸಲಿಲ್ಲ. 21ರಂದು ಸಿಕ್ಕ ಸಿಬ್ಬಂದಿ ಸೌಜನ್ಯದಿಂದಲೇ ಮಾತನಾಡಿದರು, ಅದನ್ನು ಮರೆಮಾಚುವುದಿಲ್ಲ. ಆದರೆ ಸುಟ್ಟ ಬೋರ್ಡಿನ ಫೋಟೋ, ಮೂಲ ಬಿಲ್ಲಿನ ಪ್ರತಿ, ಇವುಗಳ ಜೊತೆಗೆ ‘ಹಳೆಯ ಯಂತ್ರ ನಾಶವಾಗಿದೆ’ ಎಂದು ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ ಅಫಿಡವಿಟ್ ಕಳಿಸಬೇಕು ಎಂದರು. ಹೊಲದ ಪಹಣಿಯಲ್ಲಿ ಹೆಸರು ತಿದ್ದಿಸಲು ಹೋದಂತಾಯಿತು ನನಗೆ. ಎಲ್ಲವನ್ನೂ ಕಳಿಸಿದ ಮೇಲೆ 25ರಂದು ಬಂದದ್ದು 30 ದಿನದ ತಾತ್ಕಾಲಿಕ ಕೀ. ‘ಪರಿಶೀಲನೆ ನಡೆಯುತ್ತಿದೆ’ ಎಂಬ ಒಂದು ಸಾಲಿನ ಮಿಂಚಂಚೆ ಬಿಟ್ಟರೆ ಇಂದಿನವರೆಗೂ ಉತ್ತರವಿಲ್ಲ.

ಈ ನಡುವೆ ನನ್ನ ಕೈಯಲ್ಲಿ ಏಪ್ರಿಲ್ 30ರ ಅಕ್ಷಯ ತೃತೀಯದ ಮೂರು ಲಗ್ನಪತ್ರಿಕೆಗಳಿದ್ದವು. ಲಗ್ನಪತ್ರಿಕೆ ಎಂದರೆ ತಡವಾಗಿ ಕೊಟ್ಟರೂ ನಡೆಯುವ ಮಾಲಲ್ಲ; ಬೀಗರ ಮನೆಗಳಿಗೆ ಮುಟ್ಟಬೇಕಾದ ಹೊತ್ತಿಗೆ ಮುಟ್ಟಲೇಬೇಕು. ಬೇರೆ ಯಾವುದಾದರೂ ತಂತ್ರಾಂಶದಲ್ಲಿ ಮುಗಿಸೋಣವೆಂದರೆ ಅದೂ ಆಗಲಿಲ್ಲ, ಏಕೆಂದರೆ ತಮ್ಮ ಫಾಂಟುಗಳು ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯುನಿಕೋಡ್‌ನವಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿದ ಹಳೆಯ ಕಾಲದವು. ಬೇರೆ ಫಾಂಟಿನಲ್ಲಿ ತೆರೆದರೆ ವಧುವಿನ ಹೆಸರಿದ್ದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಎಂದರೆ ತಾವು ಬೀಗ ಹಾಕಿದ್ದು ತಮ್ಮ ತಂತ್ರಾಂಶಕ್ಕಷ್ಟೇ ಅಲ್ಲ, ನಾನು ಆರು ವರ್ಷ ಕುಳಿತು ಜೋಡಿಸಿದ ಅಕ್ಷರಗಳಿಗೂ ಹೌದು.

ಹುಬ್ಬಳ್ಳಿಯ ಆ ಮೆಕ್ಯಾನಿಕ್ ನನ್ನ ಪೇಚಾಟ ನೋಡಲಾರದೆ, “ಮಾಲಕ್ರ, ಕ್ರ್ಯಾಕ್ ಹಾಕಿ ಬಿಡ್ಲೇನ್ರಿ? ಐದ ಮಿನಿಟಿನ ಕೆಲಸ ಐತಿ” ಎಂದ. ಕ್ರ್ಯಾಕ್ ಎಂದರೆ ಆ್ಯಕ್ಟಿವೇಶನ್ ಬೀಗ ಮುರಿದ ನಕಲಿ ಪ್ರತಿ. ಒಂದು ಗಳಿಗೆ ಮನಸ್ಸು ಹೊಯ್ದಾಡಿದ್ದು ನಿಜ, ಬೇಡವೆಂದೆ. ಕೊನೆಗೆ ಫೈಲುಗಳನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು, ಇದೇ ತಂತ್ರಾಂಶವಿರುವ ಮತ್ತೊಂದು ಡಿಟಿಪಿ ಅಂಗಡಿಗೆ ಹೋಗಿ, 3,600 ರೂಪಾಯಿ ಕೊಟ್ಟು ಕೆಲಸ ಮುಗಿಸಿದೆ. ಅವರ ಬಳಿ ಬಿಲ್ ಇದೆಯೋ ಇಲ್ಲವೋ ನಾನು ಕೇಳಲಿಲ್ಲ. ಅವರ ತಂತ್ರಾಂಶವಂತೂ ಅವರನ್ನು ಏನೂ ಕೇಳುತ್ತಿರಲಿಲ್ಲ.

ಆ್ಯಕ್ಟಿವೇಶನ್ ಸಂಪೂರ್ಣ ನಿರರ್ಥಕ ಎಂದು ವಾದಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಹಾಗೆ ಬರೆದರೆ ಸುಳ್ಳಾಗುತ್ತದೆ. ಒಂದು ಕಾಲದಲ್ಲಿ ಒಂದೇ ಸಿ.ಡಿ. ಇಡೀ ಪ್ರೆಸ್ ಓಣಿಯನ್ನು ಸುತ್ತಿ ಬರುತ್ತಿತ್ತು, ಅದರಿಂದ ಫಾಂಟು ಹಾಕಿಕೊಂಡವರಲ್ಲಿ ನಾನೂ ಒಬ್ಬ. 2019ರಲ್ಲಿ ನಾನು ಹಣ ಕೊಟ್ಟು ಕೊಂಡದ್ದಕ್ಕೆ, ಗೆಳೆಯನ ಪ್ರತಿ ನನ್ನ ಯಂತ್ರದಲ್ಲಿ ತೆರೆಯದೇ ಹೋದದ್ದೂ ಒಂದು ಕಾರಣ. ಕೈ ಬದಲಿಸುವ ಈ ಸಣ್ಣ ನಕಲನ್ನು ತಮ್ಮ ಬೀಗ ತಡೆಯುತ್ತದೆ, ಒಪ್ಪಿದೆ. ಆದರೆ ಬೀಗವನ್ನೇ ಕಿತ್ತು ಮಾರುವವನನ್ನು ಅದು ತಡೆದಿಲ್ಲ. ಅವನ ಕೈಯಿಂದ ಕೊಂಡವನಿಗೆ ಆ್ಯಕ್ಟಿವೇಶನ್ ಎಂಬ ಪರದೆಯೇ ಎದುರಾಗುವುದಿಲ್ಲ. 2001ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಗೆ ಆ್ಯಕ್ಟಿವೇಶನ್ ತಂದಾಗಲೂ, ದೊಡ್ಡ ಸಂಸ್ಥೆಗಳಿಗೆಂದು ಅದರ ಅಗತ್ಯವಿಲ್ಲದ ಆವೃತ್ತಿಯೊಂದಿತ್ತು. ಅದರ ಕೀ ಮಾರಾಟ ಶುರುವಾಗುವ ಮೊದಲೇ ಸೋರಿಹೋಗಿ ನಕಲಿನವರಿಗೆ ಅನುಕೂಲವಾಯಿತು. ಬಿಲ್ ಇಟ್ಟುಕೊಂಡು ಒಂದೇ ಪ್ರತಿ ಕೊಂಡ ಗ್ರಾಹಕನಿಗೆ ಮಾತ್ರ ಆ್ಯಕ್ಟಿವೇಶನ್ ತಪ್ಪಲಿಲ್ಲ. ಆದರೂ ಆ ಕಂಪನಿ 30 ದಿನದ ಅವಕಾಶ ಕೊಟ್ಟಿತ್ತು, ಇಂಟರ್ನೆಟ್ ಇಲ್ಲದವರು ಫೋನಿನಲ್ಲೇ ಕೆಲಸ ಮುಗಿಸುವ ದಾರಿಯನ್ನೂ ಇಟ್ಟಿತ್ತು. ತಮ್ಮಲ್ಲಿ ಅದೂ ಇಲ್ಲ. ಅಮೆರಿಕದಲ್ಲಿ ಇಂಟ್ಯೂಟ್ ಕಂಪನಿಯು ತನ್ನ ಟರ್ಬೋಟ್ಯಾಕ್ಸ್ ತೆರಿಗೆ ತಂತ್ರಾಂಶಕ್ಕೆ ಆ್ಯಕ್ಟಿವೇಶನ್ ಅಳವಡಿಸಿ, ಗ್ರಾಹಕರ ಆಕ್ರೋಶಕ್ಕೆ ಗುರಿಯಾಗಿ, 2003ರಲ್ಲಿ ಅದನ್ನು ತಾನೇ ಕೈಬಿಟ್ಟಿತು.

ಕಾನೂನು ನನ್ನಂಥವನ ಪಾಲಿಗೆ ಏನು ಹೇಳುತ್ತದೆ ಎಂಬುದನ್ನೂ ತಮ್ಮ ಗಮನಕ್ಕೆ ತರಬೇಕಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ನಕಲಿ ಎಂದು ತಿಳಿದೂ ತಂತ್ರಾಂಶವನ್ನು ಬಳಸುವವನಿಗೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಇದರ ಮೇಲೆ ತಮಗೆ ಪೂರ್ಣ ಹಕ್ಕಿದೆ, ಚಲಾಯಿಸಿರಿ. ಆದರೆ ಅದೇ ಕಾಯ್ದೆಯ 52ನೆಯ ಕಲಮು, ಸಕ್ರಮವಾಗಿ ತಂತ್ರಾಂಶ ಹೊಂದಿದವನು ನಷ್ಟ ಅಥವಾ ನಾಶದಿಂದ ರಕ್ಷಣೆಗಾಗಿ ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ನಾನು ಇಟ್ಟುಕೊಂಡಿದ್ದೆ. ಸಿಡಿಲು ಬಡಿದ ಮರುದಿನ ಕಾಯ್ದೆ ಕೊಟ್ಟ ಆ ಪ್ರತಿ, ತಾವು ಹಾಕಿದ ಎಣಿಕೆಯ ಮುಂದೆ ನಿರುಪಯೋಗಿಯಾಯಿತು.

ಇನ್ನೊಂದು ಆತಂಕವನ್ನು ಹೇಳದೆ ಇರಲಾರೆ. ನಾಳೆ ತಾವು ಈ ಆವೃತ್ತಿಯ ಸರ್ವರ್, ಎಂದರೆ ಆ್ಯಕ್ಟಿವೇಶನ್‌ಗೆ ಒಪ್ಪಿಗೆ ಕೊಡುವ ತಮ್ಮ ಕೇಂದ್ರ ಕಂಪ್ಯೂಟರ್, ಮುಚ್ಚಿದರೆ ನನ್ನ ಗತಿ ಏನು? ಅಡೋಬಿ ಕಂಪನಿ ತನ್ನ ಹಳೆಯ ಸಿಎಸ್2 ಎಂಬ ವಿನ್ಯಾಸ ತಂತ್ರಾಂಶದ ಆ್ಯಕ್ಟಿವೇಶನ್ ಸರ್ವರನ್ನು ನಿಲ್ಲಿಸಿದಾಗ, ಕೊಂಡವರಿಗಾಗಿ 2013ರ ಜನವರಿಯಲ್ಲಿ ಆ್ಯಕ್ಟಿವೇಶನ್ ಬೇಡದ ಪ್ರತಿಯನ್ನೂ ಸೀರಿಯಲ್ ಸಂಖ್ಯೆಯನ್ನೂ ಒದಗಿಸಿತು. ತಮ್ಮ ಪರವಾನಗಿ ಪತ್ರವನ್ನು ಎರಡು ಸಲ ಓದಿದೆ; ಅಂಥ ಮಾತು ಅದರಲ್ಲಿ ಕಾಣಲಿಲ್ಲ.

ಆದ್ದರಿಂದ ತಾತ್ಕಾಲಿಕ ಕೀ ಮೇ 25ಕ್ಕೆ ಮುಗಿಯುವ ಮೊದಲು ನನ್ನ ಕಾಯಂ ಪರವಾನಗಿಯನ್ನು ಹೊಸ ಬೋರ್ಡಿಗೆ ವರ್ಗಾಯಿಸಿಕೊಡಬೇಕು. ಈ ವರ್ಷದ ನಿರ್ವಹಣಾ ಶುಲ್ಕ 2,950 ಮತ್ತು ಹೊರಗೆ ಕೆಲಸ ಮಾಡಿಸಿದ 3,600, ಒಟ್ಟು 6,550 ರೂಪಾಯಿಯನ್ನು ಹಿಂದಿರುಗಿಸಬೇಕು ಎಂದು ಕೋರುತ್ತೇನೆ. ಇನ್ನು ಮುಂದೆ ಯಂತ್ರ ಕೆಟ್ಟವರಿಗೆ ಬಿಲ್ಲು ಮತ್ತು ನೋಂದಾಯಿತ ಮೊಬೈಲ್ ಸಂಖ್ಯೆಯೇ ಸಾಕೆಂದು ತೀರ್ಮಾನಿಸಿ, ಹೊಸ ಯಂತ್ರದಲ್ಲಿ ಕನಿಷ್ಠ 15 ದಿನ ಯಾವ ಪ್ರಶ್ನೆಯೂ ಇಲ್ಲದೆ ಕೆಲಸ ಮಾಡಲು ಬಿಟ್ಟರೆ, ರಜೆಯ ದಿನ ಬೋರ್ಡ್ ಸುಟ್ಟವನೂ ಬದುಕಿಕೊಳ್ಳುತ್ತಾನೆ. ಸರ್ವರ್ ಮುಚ್ಚುವ ಕಾಲಕ್ಕೆ ಬೀಗವಿಲ್ಲದ ಪ್ರತಿ ಕೊಡುವುದಾಗಿಯೂ ಬರಹದಲ್ಲಿ ತಿಳಿಸಬೇಕು.

ಮೇ 20ರೊಳಗೆ ಉತ್ತರ ಬಾರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿ ಗದಗ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ಸೇವಾ ನ್ಯೂನತೆಯ ದೂರು ದಾಖಲಿಸುವುದು ನನಗೆ ಅನಿವಾರ್ಯವಾಗುತ್ತದೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಕೊಂಡವನೂ ಆ ಕಾಯ್ದೆಯ ದೃಷ್ಟಿಯಲ್ಲಿ ಗ್ರಾಹಕನೇ, ಮತ್ತು ದೂರುದಾರ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮೇ ಕೊನೆಗೆ ಶಾಲೆಗಳು ಶುರುವಾಗುತ್ತವೆ. ನಾಲ್ಕು ಶಾಲೆಗಳ ಪ್ರವೇಶ ಅರ್ಜಿ ಮತ್ತು ರಸೀದಿ ಪುಸ್ತಕಗಳ ಫೈಲುಗಳು ತಮ್ಮ ತಂತ್ರಾಂಶದಲ್ಲೇ ಇವೆ.

ತಮ್ಮ ವಿಶ್ವಾಸಿ,
ಮುದ್ರಣಾಲಯದ ಮಾಲೀಕ, ಗದಗ-ಬೆಟಗೇರಿ

ಲಗತ್ತು: 2019ರ ಬಿಲ್ಲಿನ ಪ್ರತಿ, ನಿರ್ವಹಣಾ ಶುಲ್ಕದ ರಸೀದಿಗಳು, ಸುಟ್ಟ ಮದರ್‌ಬೋರ್ಡಿನ ಫೋಟೋ, ನೋಟರಿ ಅಫಿಡವಿಟ್‌ನ ಪ್ರತಿ, ಡಿಟಿಪಿ ಅಂಗಡಿಯ 3,600 ರೂಪಾಯಿಯ ರಸೀದಿ.