ನೋವು ಊರು ತಿರುಗುತ್ತಾ?

ಚಿ. ಸೌ. ಪುಟ್ಟಿಗೆ,

ಅತ್ತೆಯ ಆಶೀರ್ವಾದಗಳು. ಊರಿನ ಸುದ್ದಿ ಎಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿಯೇ ಇರುತ್ತಾನೆ. ಅದನ್ನು ಮತ್ತೆ ಬರೆಯಲ್ಲ.

ನಿನ್ನ ಕಾಗದ ಮೂರು ಸಲ ಓದಿದೆ. ಸ್ಕೇಟಿಂಗ್‌ಗೆ ಸೇರಿಸಿದ ಮೇಲೆ ಚಿನ್ನು ರಾತ್ರಿ ಕಾಲು ನೋವು ಅಂತ ಅಳ್ತಾನೆ, ಬೆಳಿಗ್ಗೆ ಎದ್ದರೆ ಏನೂ ಆಗದವನ ಹಾಗೆ ಓಡಾಡ್ತಾನೆ ಅಂತ ಬರೆದಿದ್ದೀಯ. ಅಲ್ಲಿಯವರೆಗೆ ನನಗೆ ಅಂಥ ಗಾಬರಿ ಏನೂ ಆಗಲಿಲ್ಲ. ಆರು ವರ್ಷದ ಹುಡುಗ, ಇದ್ದದ್ದೇ. ಆದರೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, "ಕ್ಲಾಸ್ ತಪ್ಪಿಸೋಕೆ ನಾಟಕ ಅಂತಾರೆ ಕೋಚ್, ನನಗೂ ಹಾಗೇ ಅನಿಸುತ್ತೆ ಅತ್ತೆ" ಅಂತ. ಅಲ್ಲಿ ನಿಂತುಬಿಟ್ಟೆ. ಒಲೆ ಮೇಲಿಟ್ಟ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು.

ನಮ್ಮ ಮನೆಯಲ್ಲಿ ಆ ಮಾತನ್ನು ಮೊದಲು ಆಡಿದವಳು ನಾನು.

ನಿನ್ನ ದೊಡ್ಡಪ್ಪನ ಆಪರೇಷನ್, ಆಮೇಲೆ ಆಗಿದ್ದು, ಎಲ್ಲ ನಿನಗೆ ಗೊತ್ತು. ಅದಕ್ಕೂ ಹಿಂದಿನದು ನಿಮ್ಮಪ್ಪನಿಗೂ ಗೊತ್ತಿಲ್ಲ. ಅವನು ಆಗ ತೊಟ್ಟಿಲ ಕೂಸು. ದೊಡ್ಡಪ್ಪನಿಗೆ 9, ನನಗೆ 14. ಸಾಗರದ ಮಾರಿಕಾಂಬೆ ಜಾತ್ರೆ ಮೂರು ವರ್ಷಕ್ಕೊಮ್ಮೆ, ಬಿಡೋದುಂಟಾ? ಹೋಗಿ ಬಂದ ಮಾರನೇ ದಿನ ಅವನಿಗೆ ಗಂಟಲು ನೋವು, ಜ್ವರ. ಐಸ್ ಕ್ಯಾಂಡಿ ತಿಂದಿದ್ದಕ್ಕೆ ಅಂತ ಅಮ್ಮ ಬೈದು ಮೆಣಸಿನ ಕಷಾಯ ಕುಡಿಸಿದಳು. ನಾಲ್ಕು ದಿನಕ್ಕೆ ಸರಿಹೋದ. ಎಲ್ಲರೂ ಮರೆತೆವು.

ಎರಡು ಮೂರು ವಾರ ಕಳೆದ ಮೇಲೆ ಮಂಡಿ ನೋವು ಅಂದ. ನೋಡಿದರೆ ಸ್ವಲ್ಪ ಬಾತಿತ್ತು, ಮುಟ್ಟಿದರೆ ಬಿಸಿ. ಎಲ್ಲೋ ಬಿದ್ದಿರಬೇಕು ಅಂದುಕೊಂಡೆವು. ಎರಡು ದಿನ ಬಿಟ್ಟು ಮಂಡಿ ಸರಿಯಾಯಿತು, ಪಾದದ ಗಂಟು ಹಿಡಿಯಿತು. ಆಮೇಲೆ ಅದು ಬಿಟ್ಟು ಮೊಣಕೈ. ಶಾಲೆಗೆ ಹೊರಡೋ ಹೊತ್ತಿಗೇ ಜಾಸ್ತಿ ಅಳುತ್ತಿದ್ದ. ಆಗ ನಾನು ಅಮ್ಮನ ಮುಂದೆ ನಕ್ಕು ಹೇಳಿದೆ: "ನೋವು ಊರು ತಿರುಗುತ್ತಾ ಅಮ್ಮ? ನಿನ್ನೆ ಮಂಡಿ, ಇವತ್ತು ಮೊಣಕೈ. ಎಲ್ಲ ನಾಟಕ." ಅಮ್ಮ ನನ್ನ ಮಾತು ನಂಬಿದಳು. ಎಳೆದುಕೊಂಡು ಹೋಗಿ ಶಾಲೆಗೆ ಬಿಟ್ಟು ಬಂದವಳೂ ನಾನೇ.

ಪುಟ್ಟಿ, ಆ ಕಾಯಿಲೆಯ ಗುರುತೇ ಅದು. ಒಂದು ಗಂಟಿನಿಂದ ಇನ್ನೊಂದಕ್ಕೆ ಹೋಗೋದು. ರುಮ್ಯಾಟಿಕ್ ಜ್ವರ ಅಂತಾರೆ. ಗಂಟಲಿಗೆ ಬಂದ ಸೋಂಕಿನ ಮೇಲೆ ನಮ್ಮ ಮೈ ಮಾಡುವ ಜಗಳ, ತಪ್ಪಿ ಗಂಟುಗಳ ಮೇಲೂ ಹೃದಯದ ಮೇಲೂ ಬೀಳುತ್ತಂತೆ. 5ರಿಂದ 15 ವರ್ಷದ ಮಕ್ಕಳಲ್ಲೇ ಜಾಸ್ತಿ. ಗಂಟು ನೋವು ತಾನಾಗಿ ಹೋಗುತ್ತೆ, ಹೃದಯದ ಕವಾಟಕ್ಕೆ ಆದ ಗಾಯ ಉಳಿದುಬಿಡಬಹುದು. ಯಾವುದನ್ನು ನಾನು ಸುಳ್ಳಿಗೆ ಸಾಕ್ಷಿ ಅಂತ ಹಿಡಿದು ತೋರಿಸಿದೆನೋ ಅದೇ ನಿಜಕ್ಕೆ ಸಾಕ್ಷಿಯಾಗಿತ್ತು. ಇಪ್ಪತ್ತೇಳನೇ ವಯಸ್ಸಿಗೆ ಅವನು ಅಡಿಕೆ ತೋಟದ ದಿಬ್ಬ ಹತ್ತಲಾರದೆ ಕೂತಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಚಿಕ್ಕಂದಿನಲ್ಲಿ ಗಂಟು ಬಾತಿತ್ತಾ?" ಅವನು ನನ್ನ ಕಡೆ ನೋಡಿದ. "ನೆನಪಿಲ್ಲ" ಅಂದ. ನನ್ನನ್ನು ಉಳಿಸೋಕೆ ಹಾಗೆ ಹೇಳಿದನಾ, ನಿಜವಾಗಿಯೂ ಮರೆತಿದ್ದನಾ, ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ಆಮೇಲೆ 21 ದಿನಕ್ಕೊಂದು ಪೆನಿಸಿಲಿನ್ ಸೂಜಿ. ಒಂಬತ್ತನೇ ವರ್ಷದಲ್ಲೇ ಶುರುವಾಗಬೇಕಿದ್ದ ಸೂಜಿ ಅದು.

ಚಿನ್ನುಗೆ ಅದೇ ಬಂದಿದೆ ಅಂತ ಹೇಳ್ತಿಲ್ಲ, ದಯವಿಟ್ಟು ಹೆದರಬೇಡ. ನೀನು ಬರೆದದ್ದು ಬೇರೆ ಥರ ಇದೆ. ಎರಡೂ ಕಾಲು, ಮೀನಖಂಡ, ರಾತ್ರಿ ಹೊತ್ತು, ಬೆಳಿಗ್ಗೆ ಮಾಯ. ಇದಕ್ಕೆ ಜನ ಬೆಳೆಯುವ ನೋವು ಅಂತಾರೆ. ಮೂರು ವರ್ಷದಿಂದ ಹನ್ನೆರಡರವರೆಗೆ ಬರುವುದುಂಟು. ಹೆಸರು ಹಾಗಿದ್ದರೂ ಬೆಳವಣಿಗೆಗೂ ಅದಕ್ಕೂ ಸಂಬಂಧ ಇದೆ ಅಂತ ಡಾಕ್ಟರುಗಳೂ ಖಚಿತವಾಗಿ ಹೇಳಲ್ಲ. ಹಗಲು ಜಾಸ್ತಿ ಕುಣಿದ ದಿನ ರಾತ್ರಿ ಬರುತ್ತೆ, ಅಷ್ಟೇ. ಆದರೂ ಅದು ನೋವೇ ಕಣೇ. ಬೆಳಿಗ್ಗೆ ಹೋಯಿತು ಅಂದರೆ ರಾತ್ರಿ ಇರಲಿಲ್ಲ ಅಂತಲ್ಲ.

ದೀಪಾವಳಿಗೆ ಮೈಸೂರಿಗೆ ಬಂದಾಗ ರಿಂಕಿನ ಕಟ್ಟೆ ಮೇಲೆ ಕೂತು ಅವನನ್ನು ನೋಡಿದ್ದೆ. ಮಕ್ಕಳೆಲ್ಲ ಎಡಕ್ಕೇ ಸುತ್ತುತ್ತಾರೆ, ನಮ್ಮ ಪ್ರದಕ್ಷಿಣೆಯ ಉಲ್ಟಾ. ತಿರುವಿನಲ್ಲಿ ಪ್ರತಿ ಸಲ ಬಲಗಾಲನ್ನೇ ಎಡಗಾಲಿನ ಮುಂದೆ ದಾಟಿಸಬೇಕು. ಇವನಿಗೆ ಅದಿನ್ನೂ ಬರಲ್ಲ, ಮಂಡಿ ಬಗ್ಗಿಸಲ್ಲ, ಕಡ್ಡಿ ಹಾಗೆ ನಿಂತು ಜಾರುತ್ತಾನೆ. ಸ್ಕೇಟ್ ಬಿಚ್ಚಿಕೊಟ್ಟವಳು ನಾನೇ. ಮುಂದಿನ ವರ್ಷಕ್ಕೂ ಆಗಲಿ ಅಂತ ನೀನು ಒಂದು ಸೈಜ್ ದೊಡ್ಡದು ತಂದಿದ್ದೀಯ ಅಲ್ವಾ? ಒಳಗೆ ಕಾಲು ಆಡುತ್ತೆ. ಅದಕ್ಕೆ ಲೇಸ್ ಬಿಗಿಯಾಗಿ ಎಳೆದು ಕಟ್ಟಿದ್ದರು. ಕಾಲುಚೀಲ ತೆಗೆದರೆ ಪಾದದ ಮೇಲೆ ಲೇಸಿನ ಗುರುತು ಕೆಂಪಗೆ ಅಡ್ಡಡ್ಡ ಬಿದ್ದಿತ್ತು, ಬೆರಳುಗಳು ಒಳಕ್ಕೆ ಮಡಚಿಕೊಂಡೇ ಇದ್ದವು. ಹಕ್ಕಿ ಕೊಂಬೆ ಹಿಡಿದ ಹಾಗೆ. ಒಂದು ಗಂಟೆ ಹೊತ್ತು ಬೆರಳಲ್ಲಿ ಷೂ ಹಿಡಿದುಕೊಂಡು ನಿಂತರೆ ಮೀನಖಂಡ ನೋಯದೆ ಇರುತ್ತಾ? ಆಗಲೇ ಹೇಳಬೇಕಿತ್ತು. ಬಂದ ನೆಂಟಳು ಯಾಕೆ ತಪ್ಪು ಹುಡುಕೋದು ಅಂತ ಸುಮ್ನೆ ಇದ್ದೆ. ಈಗ ಹೇಳ್ತೀನಿ, ಅಳತೆಗೆ ಸರಿಯಾದ್ದು ಕೊಡಿಸು. ದುಡ್ಡಿನ ಲೆಕ್ಕ ನನ್ನ ಹತ್ತಿರ ಬೇಡ. ಕೈಮಣಿಕಟ್ಟಿಗೆ ಹಾಕುವ ಪಟ್ಟಿಯೂ ಇರಲಿಲ್ಲ. ಬೀಳುವಾಗ ಮಕ್ಕಳು ಕೈಯನ್ನೇ ಊರೋದು.

ಇನ್ನೇನು ಹೇಳಲಿ, ನಾನು ಡಾಕ್ಟರಲ್ಲ. ರಾತ್ರಿ ಅತ್ತಾಗ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಕಾಲು ನೀವಿಕೊಡು. ಮನೆಯಲ್ಲಿರೋ ತಲೆನೋವಿನ ಮಾತ್ರೆ ಅರ್ಧ ಮುರಿದು ಕೊಡಬೇಡ, ಆಸ್ಪಿರಿನ್ ಮಕ್ಕಳಿಗೆ ಆಗದು. ಒಂದೇ ಕಾಲು ಅಂತ ಶುರು ಮಾಡಿದರೆ, ಬೆಳಿಗ್ಗೆ ಕುಂಟಿದರೆ, ಗಂಟು ಬಾತರೆ, ಜ್ವರ ಬಂದರೆ, ಮುಖ ಬಿಳಿಚಿಕೊಂಡರೆ, ಬೀಳದೆಯೇ ಮೈಮೇಲೆ ನೀಲಿ ಕಲೆ ಕಂಡರೆ, ಮಾರನೇ ದಿನಕ್ಕೆ ಕಾಯಬೇಡ. ಮಂಡಿ ನೋವು ಅಂತ ಹೇಳುವ ಮಗುವಿಗೆ ತೊಂದರೆ ಸೊಂಟದ ಕೀಲಿನಲ್ಲಿ ಇರೋದೂ ಉಂಟಂತೆ. ಅದಕ್ಕೇ, ಇದ್ಯಾವುದೂ ಇಲ್ಲದಿದ್ದರೂ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿಬಿಡು. ಅತ್ತೆಗೆ ಹುಚ್ಚು ಅಂದುಕೊಂಡಾದರೂ ತೋರಿಸು. ಹಿಂದೆ ಗಂಟಲು ನೋವು ಬಂದಿತ್ತಾ ಅನ್ನೋದನ್ನು ಅಲ್ಲಿ ಮರೆಯದೆ ಹೇಳು.

ನನಗಿರೋ ಭಯ ಕಾಲಿನದಲ್ಲ. ನಾಟಕ ಅಂತ ನಾನು ಹೇಳಿದ ಮೇಲೆ ನಿನ್ನ ದೊಡ್ಡಪ್ಪ ನೋವಿನ ಮಾತೇ ಎತ್ತಲಿಲ್ಲ. ಎಲ್ಲರೂ ಸರಿಹೋದ ಅಂದುಕೊಂಡರು. ಒಂದು ಸಂಜೆ ನೋಡಿದೆ, ಜಗಲಿ ಮೆಟ್ಟಿಲ ಮೇಲೆ ಕೂತು ಎರಡೂ ಕೈಯಲ್ಲಿ ಮಂಡಿ ಅದುಮಿ ಹಿಡಿದಿದ್ದ. ನನ್ನ ಹೆಜ್ಜೆ ಸದ್ದು ಕೇಳಿದ್ದೇ ಕೈ ತೆಗೆದು ನೆಲದಲ್ಲಿ ಗೋಲಿ ಹುಡುಕತೊಡಗಿದ. ಅಲ್ಲಿ ಗೋಲಿ ಇರಲಿಲ್ಲ. ನಾಟಕ ಅಂತ ಅವನು ಮಾಡಿದ್ದು ಅದೊಂದೇ. ಗೊತ್ತಾಗಿಯೂ ನಾನು ಒಳಗೆ ಹೋದೆ.

ಕೋಚ್ ಏನಾದರೂ ಹೇಳಲಿ. ಅವರಿಗೆ ನಲವತ್ತು ಮಕ್ಕಳು, ತಪ್ಪಿಸಿಕೊಳ್ಳುವವರನ್ನೂ ನೋಡಿರುತ್ತಾರೆ. ಇವನಿಗೆ ಸ್ಕೇಟಿಂಗ್ ಬೇಡವಾಗಿದ್ದರೆ ಅದನ್ನೂ ಕೇಳು, ಬೈಯದೆ ಕೇಳು. ಬೇಡ ಅಂದರೆ ಬಿಡಿಸು, ಏನು ಮಹಾ.

ಇವತ್ತು ರಾತ್ರಿ ಅತ್ತರೆ ದೀಪ ಹಾಕಿ, ಎಲ್ಲಿ ನೋವು ತೋರಿಸು ಅಂತ ಹೇಳು. ಇಡೀ ಅಂಗೈಯಲ್ಲಿ ಕಾಲು ಸವರ್ತಾನಾ, ಇಲ್ಲಾ ಒಂದೇ ಕಡೆ ಬೆರಳಿಟ್ಟು ತೋರಿಸ್ತಾನಾ ನೋಡು. ಒಂದೇ ಜಾಗಕ್ಕೆ ದಿನಾ ಬೆರಳಿಟ್ಟರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡು, ಎದ್ದೇ ಇರುತ್ತೇನೆ.

ನಿನ್ನ
ಅತ್ತೆ