ಮಾಲಾರ್ತಿಕ್‌ನ ಪ್ರಕಟಣೆ: ಯುವ ಕಾದಂಬರಿಕಾರರಿಗೆ ಒಂದು ಪತ್ರ

ಪ್ರಿಯ ಯುವ ಮಿತ್ರರೆ,

ನಮಸ್ಕಾರ. ನಿಮ್ಮ ಕಾದಂಬರಿಯ ಹಸ್ತಪ್ರತಿ ಕೈಸೇರಿ ತಿಂಗಳ ಮೇಲಾಯಿತು. ಮೊದಲ ಓದಿಗೆ ಸಂತೋಷಪಟ್ಟೆ, ಎರಡನೆಯ ಓದಿಗೆ ತಕರಾರುಗಳು ಹುಟ್ಟಿಕೊಂಡವು, ಅವು ನಿಜವಾದ ತಕರಾರುಗಳೋ ಬರೀ ವಯಸ್ಸಾದವನ ಗೊಣಗಾಟವೋ ಎಂದು ತಿಳಿಯಲು ಮೂರನೆಯ ಸಲ ಓದಬೇಕಾಯಿತು. ತಡವಾದದ್ದಕ್ಕೆ ಅದೇ ಕಾರಣ. ಶ್ರೀರಂಗಪಟ್ಟಣದ ಅಧ್ಯಾಯಗಳ ಬಗ್ಗೆ ನಾನು ಹೇಳಬೇಕಾದದ್ದು ಏನೂ ಇಲ್ಲ, ಆ ನೆಲ ನಿಮಗೆ ಗೊತ್ತು. ನನ್ನ ಮಾತೆಲ್ಲ ಏಳನೆಯ ಅಧ್ಯಾಯದ ಬಗ್ಗೆ, ಅಂದರೆ ಟಿಪ್ಪುವಿನ ರಾಯಭಾರಿಗಳು ಈಗ ಮಾರಿಷಸ್ ಎಂದು ಕರೆಯುವ, ಆಗ ಫ್ರೆಂಚರ ಕೈಯಲ್ಲಿದ್ದ ದ್ವೀಪಕ್ಕೆ ಹೋಗಿ ಅಲ್ಲಿನ ಗವರ್ನರ್ ಮಾಲಾರ್ತಿಕ್‌ನನ್ನು ಕಾಣುವ ಭಾಗದ ಬಗ್ಗೆ.

ನಿಮ್ಮ ಮಾಲಾರ್ತಿಕ್ ರೇಷ್ಮೆ ಕೋಟು ತೊಟ್ಟ ಬಡಾಯಿ ಮುದುಕ. ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಕೇಳಿ ರಾಯಭಾರಿಗಳು ಗುಟ್ಟಾಗಿ ತಂದ ಮಾತನ್ನು ಊರಿಗೆಲ್ಲ ಡಂಗುರ ಸಾರುತ್ತಾನೆ, ಆ ಡಂಗುರ ಕಲ್ಕತ್ತೆಗೆ ಕೇಳಿಸುತ್ತದೆ, ಮೈಸೂರು ಬೀಳುತ್ತದೆ. ಓದುಗ ಅವನನ್ನು ಶಪಿಸಿ ಪುಟ ತಿರುಗಿಸುತ್ತಾನೆ. ಇಲ್ಲಿ ನನ್ನ ಅಡ್ಡಿ ಏನೆಂದರೆ, ನೀವು ಆ ಮನುಷ್ಯನನ್ನು 1799ರ ಮೇ 4ರಿಂದ ಹಿಂದಕ್ಕೆ ನೋಡಿ ಬರೆದಿದ್ದೀರಿ. ಕೋಟೆ ಬಿದ್ದ ದಿನ ನಿಮಗೆ ಗೊತ್ತು, ಅವನಿಗೆ ಗೊತ್ತಿರಲಿಲ್ಲ. 1798ರ ಜನವರಿಯಲ್ಲಿ ಅವನು ಕುಳಿತಿದ್ದ ಕುರ್ಚಿಯಿಂದ ಏನು ಕಾಣುತ್ತಿತ್ತು ಎಂಬುದೇ ನಿಮ್ಮ ಅಧ್ಯಾಯದಲ್ಲಿ ಇಲ್ಲ.

ಆ ಕುರ್ಚಿಯ ವಿಷಯವನ್ನೇ ಮೊದಲು ನೋಡೋಣ. ಡಚ್ಚರು 1710ರಲ್ಲಿ ಬಿಟ್ಟುಹೋದ ದ್ವೀಪವನ್ನು ಫ್ರೆಂಚರು 1715ರಲ್ಲಿ ತಮ್ಮದೆಂದು ಸಾರಿದರು. 1735ರಲ್ಲಿ ಗವರ್ನರ್ ಆಗಿ ಬಂದ ಲಾ ಬೂರ್ದೊನೆ ಪೋರ್ಟ್ ಲೂಯಿಯನ್ನು ಬಂದರಾಗಿ ಕಟ್ಟಿದ. 1746ರಲ್ಲಿ ಹಡಗುಗಳೊಂದಿಗೆ ಬಂದು ಇಂಗ್ಲಿಷರಿಂದ ಮದ್ರಾಸನ್ನು ಕಿತ್ತುಕೊಂಡವನೂ ಇವನೇ. ದ್ವೀಪದ ಗವರ್ನರ್ ಎಂದರೆ ನಮ್ಮ ಕಣ್ಣೆದುರು ಬರುವ ಚಿತ್ರ ಇಂಥವನದು: ತಾನೇ ಹಡಗು, ತಾನೇ ಖಜಾನೆ, ತಾನೇ ನ್ಯಾಯ. ಆದರೆ 1767ರಲ್ಲಿ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಹೋಗಿ ದೊರೆಯ ಆಡಳಿತ ಬಂದ ಮೇಲೆ ಅಧಿಕಾರ ಎರಡಾಗಿ ಒಡೆಯಿತು. ಸೈನ್ಯ ಗವರ್ನರನದು, ಹಣಕಾಸು ಇಂಟೆಂಡೆಂಟನದು. ಒಬ್ಬರ ಮೇಲೊಬ್ಬರು ಪ್ಯಾರಿಸ್‌ಗೆ ದೂರು ಬರೆಯುವುದು ಇಬ್ಬರದೂ ಕಸುಬು. ಫ್ರಾನ್ಸಿನಲ್ಲಿ ಕ್ರಾಂತಿ ಬಂದ ಮೇಲಂತೂ ದ್ವೀಪದ ಬಿಳಿಯರು ತಮ್ಮದೇ ವಸಾಹತು ಸಭೆಯೊಂದನ್ನು ಕಟ್ಟಿಕೊಂಡರು. 1790ರ ನವೆಂಬರಿನಲ್ಲಿ ಮ್ಯಾಕ್‌ನೆಮಾರಾ ಎಂಬ ನೌಕಾ ಕಮಾಂಡರನನ್ನು ಪೋರ್ಟ್ ಲೂಯಿಯ ಬೀದಿಯಲ್ಲೇ ಕೊಂದುಹಾಕಿದರು. ಅದಾಗಿ ಎರಡು ವರ್ಷ ಕಳೆಯುವ ಮೊದಲೇ, 1792ರ ಜೂನ್‌ನಲ್ಲಿ, ಮಾಲಾರ್ತಿಕ್ ಅಲ್ಲಿಗೆ ಬಂದಿಳಿದ.

ಅವನಿಗಾಗ ಅರವತ್ತೆರಡು ತುಂಬುತ್ತಿತ್ತು. ಮೊಂತೊಬಾನ್ ಊರಿನ ಕುಲೀನ ಮನೆತನದವನು, ಕೆನಡಾದಲ್ಲಿ ಫ್ರೆಂಚ್ ಸೇನಾಪತಿ ಮೊಂಕಾಮ್‌ನ ಕೈಕೆಳಗೆ ಇಂಗ್ಲಿಷರ ಮೇಲೆ ಕಾದಾಡಿ ಸೋಲು ಕಂಡವನು. ಬಿರುದೇನೋ ಉದ್ದವಾಗಿತ್ತು: ಮಾರಿಷಸ್, ರಿಯೂನಿಯನ್ ಎರಡು ದ್ವೀಪಗಳಿಗೂ ಗುಡ್‌ಹೋಪ್ ಭೂಶಿರದಿಂದ ಪೂರ್ವಕ್ಕಿರುವ ಸಮಸ್ತ ಫ್ರೆಂಚ್ ನೆಲೆಗಳಿಗೂ ಗವರ್ನರ್ ಜನರಲ್. ಆದರೆ ಆ ನೆಲೆಗಳಲ್ಲಿ ಮುಖ್ಯವಾದ ಪಾಂಡಿಚೇರಿ 1793ರಲ್ಲೇ ಇಂಗ್ಲಿಷರ ಪಾಲಾಗಿತ್ತು. ಬಿರುದಿನಲ್ಲಿ ಅರ್ಧ ಏಷ್ಯಾ ಇತ್ತು, ಕೈಯಲ್ಲಿ ಉಳಿದದ್ದು ಸಭೆ ಒಪ್ಪಿದ ನಿರ್ಣಯಗಳಿಗೆ ಹಾಕುವ ರುಜು. ಪೋರ್ಟ್ ಲೂಯಿಯಲ್ಲಿ ತಲೆ ಕತ್ತರಿಸುವ ಯಂತ್ರವಾದ ಗಿಲೊಟಿನ್ ನಿಲ್ಲಿಸಿದ್ದರೆಂದೂ ಅದಕ್ಕೆ ಬಲಿಯಾದದ್ದು ಪರೀಕ್ಷೆಗೆಂದು ಒಡ್ಡಿದ ಒಂದು ಮೇಕೆ ಮಾತ್ರವೆಂದೂ ಅಲ್ಲಿನ ಇತಿಹಾಸಕಾರರು ಹೇಳುತ್ತ ಬಂದಿದ್ದಾರೆ. ಆ ಮೇಕೆಯನ್ನು ನೀವು ಬಿಟ್ಟದ್ದು ನನಗೆ ನಿಜವಾಗಿ ಬೇಸರ ತಂದಿತು.

ಅದಕ್ಕಿಂತ ದೊಡ್ಡದೊಂದನ್ನೂ ಬಿಟ್ಟಿದ್ದೀರಿ. ನಿಮ್ಮ ಅಧ್ಯಾಯದಲ್ಲಿ ಮಾಲಾರ್ತಿಕ್ ಸ್ವಾತಂತ್ರ್ಯ, ಸಮಾನತೆ ಎಂದೆಲ್ಲ ರಾಯಭಾರಿಗಳಿಗೆ ಭಾಷಣ ಮಾಡುತ್ತಾನೆ. ಆ ಹೊತ್ತಿಗೆ ದ್ವೀಪದಲ್ಲಿದ್ದ ಸುಮಾರು 59,000 ಜನರಲ್ಲಿ 49,000ದಷ್ಟು ಮಂದಿ ಗುಲಾಮರು. ಪ್ಯಾರಿಸ್‌ನ ಕನ್ವೆನ್ಷನ್, ಅಂದರೆ ಕ್ರಾಂತಿಯ ಶಾಸನಸಭೆ, 1794ರ ಫೆಬ್ರುವರಿಯಲ್ಲೇ ಗುಲಾಮಗಿರಿಯನ್ನು ರದ್ದುಮಾಡಿತ್ತು. ಆ ಕಾನೂನನ್ನು ಜಾರಿಗೆ ತರಲು ಬಾಕೋ ಮತ್ತು ಬರ್ನೆಲ್ ಎಂಬ ಇಬ್ಬರು ಪ್ರತಿನಿಧಿಗಳು 1796ರ ಜೂನ್‌ನಲ್ಲಿ ಬಂದಿಳಿದಾಗ ತೋಟದ ಮಾಲೀಕರು ದೊಂಬಿಯೆದ್ದು ಕೆಲವೇ ದಿನಗಳಲ್ಲಿ ಅವರನ್ನು ಹಡಗು ಹತ್ತಿಸಿ ಓಡಿಸಿದರು. ಗವರ್ನರ್ ನಿಂತದ್ದು ಮಾಲೀಕರ ಕಡೆಗೆ. ಹಾಗಾಗಿ 1798ರಲ್ಲಿ ಅವನು ಗಣರಾಜ್ಯದ ಹೆಸರಿನಲ್ಲಿ ಆಳುತ್ತ, ಅದರ ಕಾನೂನನ್ನು ಒಳಬಿಡದೆ, ಅದರಿಂದ ಸಹಾಯವನ್ನೂ ನಿರೀಕ್ಷಿಸಲಾಗದೆ ಕುಳಿತಿದ್ದ. ಅವನು ತನ್ನ ಪ್ರಕಟಣೆಯನ್ನು ‘ನಾಗರಿಕರೆ’ ಎಂದು ಸಂಬೋಧಿಸಿ ಬರೆದಾಗ ಆ ಪದದ ಹೊರಗೆ ಉಳಿದವರು ಎಷ್ಟು ಜನ ಎಂಬುದನ್ನು ನಿಮ್ಮ ರಾಯಭಾರಿಗಳು ಕಣ್ಣಾರೆ ನೋಡಬೇಕಿತ್ತು. ಪೋರ್ಟ್ ಲೂಯಿಯಲ್ಲಿ ಮಲಬಾರಿಗಳ ಕೇರಿ, ಲಸ್ಕರರ ಕೇರಿ ಎಂದು ಹಿಂದೂಸ್ತಾನದ ಕುಶಲಕರ್ಮಿಗಳೂ ನಾವಿಕರೂ ಇದ್ದ ಬೀದಿಗಳಿದ್ದವು. ದಕ್ಷಿಣದ ಮಾತು ಕಿವಿಗೆ ಬಿದ್ದು ರಾಯಭಾರಿಯೊಬ್ಬ ತಟ್ಟನೆ ತಿರುಗಿ ನೋಡುವ ಒಂದು ಗಳಿಗೆ ನಿಮ್ಮ ಭಾಷಣದ ಎರಡು ಪುಟಗಳಿಗಿಂತ ಹೆಚ್ಚು ಕೆಲಸ ಮಾಡೀತು.

ಈಗ ಆ ಜನವರಿಗೆ ಬನ್ನಿ. ಇಂಗ್ಲಿಷರೊಂದಿಗಿನ 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ತೆತ್ತು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟಿದ್ದ ಟಿಪ್ಪುವಿಗೆ, 1797ರಲ್ಲಿ ಮುರಿದ ಹಡಗಿನೊಂದಿಗೆ ಮಂಗಳೂರಿಗೆ ಬಂದು ಸೇರಿದ ರಿಪೋ ಎಂಬ ಕಡಲ್ದಾಳಿಕಾರ ಒಂದು ಕಥೆ ಹೇಳಿದ: ತಾನು ದ್ವೀಪದ ದೊಡ್ಡ ಅಧಿಕಾರಿ, ಅಲ್ಲಿ ಹತ್ತು ಸಾವಿರ ಸೈನಿಕರು ಹೊರಡಲು ಸಿದ್ಧರಾಗಿದ್ದಾರೆ. ಹಸನ್ ಅಲಿ ಮತ್ತು ಶೇಖ್ ಇಬ್ರಾಹಿಂ ವರ್ತಕರ ವೇಷದಲ್ಲಿ ಹೊರಟದ್ದು ಆ ಕಥೆಯನ್ನು ನಂಬಿ. ಬಂದರಿನಲ್ಲಿ ಅವರಿಗೆ ತೋಪಿನ ಮರ್ಯಾದೆ ಸಿಕ್ಕಿತು, ಸೈನ್ಯ ಸಿಗಲಿಲ್ಲ. ಜನವರಿ 30ರ ಪ್ರಕಟಣೆಯನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದಿ: ಟಿಪ್ಪು ಇಂಗ್ಲಿಷರನ್ನು ಹೊರಗಟ್ಟಲು ಫ್ರೆಂಚರ ನೆರವಿಗಾಗಿ ಕಾಯುತ್ತಿದ್ದಾನೆ, ವೈನ್ ಮತ್ತು ಬ್ರಾಂದಿ ಹೊರತು ಬಂದವರ ಖರ್ಚನ್ನೆಲ್ಲ ತಾನೇ ನೋಡಿಕೊಳ್ಳುತ್ತಾನೆ ಎಂದ ಮೇಲೆ, ಮಿತ್ರರಾದ ಡಚ್ಚರಿಗೆ ಪಡೆ ಕಳುಹಿಸಿರುವುದರಿಂದ ಇರುವ ರೆಜಿಮೆಂಟುಗಳನ್ನು ಇನ್ನೂ ಕಡಿಮೆ ಮಾಡಲು ತನ್ನಿಂದಾಗದು, ಇಷ್ಟವಿದ್ದವರು ಹೆಸರು ಬರೆಸಿ ಎಂದು ಕೇಳಿಕೊಳ್ಳುತ್ತಾನೆ. ಇದು ಬಡಾಯಿಯ ದನಿಯಲ್ಲ. ಮನೆಯಲ್ಲಿ ಅಕ್ಕಿ ಮುಗಿದಿರುವಾಗ ನೆಂಟರೆದುರು ಎಲೆ ಹಾಕುವ ಯಜಮಾನನ ದನಿ. ತಾವು ಬಂದದ್ದು ಸೈನ್ಯ ಕೇಳಲು, ಬೀದಿಯಲ್ಲಿ ಆಳು ಕೂಡಿಸಲು ಅಲ್ಲ ಎಂದು ರಾಯಭಾರಿಗಳು ತಕರಾರು ಎತ್ತಿದ್ದೂ ಇದೆ. ನಿಮ್ಮ ಅಧ್ಯಾಯದ ಜೀವ ಆ ಮಾತಿನಲ್ಲಿದೆ, ನೀವು ಅದನ್ನು ಬಳಸಿಲ್ಲ.

ಹಾಗಾದರೆ ಅವನು ತಪ್ಪು ಮಾಡಲಿಲ್ಲವೇ ಎಂದು ಕೇಳುತ್ತೀರಿ. ಮಾಡಿದ, ದೊಡ್ಡ ತಪ್ಪನ್ನೇ ಮಾಡಿದ. ಗುಟ್ಟಿನಲ್ಲಿ ಇರಬೇಕಾದ ಹೆಸರನ್ನು ಅಚ್ಚಿಗೆ ಕೊಟ್ಟ ಗವರ್ನರನನ್ನು ನಾನು ಸಮರ್ಥಿಸಲಾರೆ. ನಾನು ಹೇಳುವುದು ಇಷ್ಟೆ: ಜನರ ಒಪ್ಪಿಗೆಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾಗದ ಸ್ಥಿತಿಗೆ ಬಂದಿದ್ದವನಿಗೆ ಬಹಿರಂಗ ಪ್ರಕಟಣೆಯೊಂದೇ ಉಳಿದ ಸಾಧನವಾಗಿತ್ತು. ಆ ಬಡತನದಿಂದ ತಪ್ಪು ಹುಟ್ಟುವುದನ್ನು ತೋರಿಸಿ. ಬರೀ ಮೂರ್ಖತನದಿಂದ ಹುಟ್ಟಿಸಿದರೆ ನಿಮ್ಮ ಕೆಲಸ ತೀರಾ ಸುಲಭವಾಯಿತು.

ಕೊನೆಗೆ ಕೂಡಿದವರು ನೂರರ ಸುಮಾರು. ಪ್ರೆನ್ಯೂಸ್ ಎಂಬ ಯುದ್ಧನೌಕೆ ಅವರನ್ನು ಹೊತ್ತು, ದಾರಿಯಲ್ಲಿ ತಲಚೇರಿಯ ಎದುರು ಎರಡು ಇಂಗ್ಲಿಷ್ ಹಡಗುಗಳನ್ನು ಹಿಡಿದು, ಏಪ್ರಿಲ್ ಕೊನೆಗೆ ಮಂಗಳೂರು ಮುಟ್ಟಿತು. ಪ್ರಕಟಣೆ ಕಲ್ಕತ್ತೆಯ ಪತ್ರಿಕೆಯಲ್ಲಿ ಕಾಣಿಸಿಕೊಂಡದ್ದು ಜೂನ್ 8ರಂದು. ಆಗಿನ್ನೂ ಲಾರ್ಡ್ ಮಾರ್ನಿಂಗ್ಟನ್ ಆಗಿದ್ದ ವೆಲ್ಲೆಸ್ಲಿ ಇಂಗ್ಲಿಷ್ ಕಂಪನಿಯ ಗವರ್ನರ್ ಜನರಲ್ ಆಗಿ ಅಲ್ಲಿಗೆ ಬಂದಿಳಿದು ಮೂರು ವಾರವಷ್ಟೇ ಆಗಿತ್ತು. ಕಾಗದ ಖೋಟಾ ಇರಬಹುದೆಂದು ಅವನಿಗೂ ಮೊದಲು ಅನುಮಾನವಿತ್ತು, ಹತ್ತು ದಿನಗಳ ಮೇಲೆ ಗುಡ್‌ಹೋಪ್ ಭೂಶಿರದ ಇಂಗ್ಲಿಷ್ ಗವರ್ನರ್ ಮೆಕಾರ್ಟ್ನಿಯಿಂದ ಪ್ರತಿ ಬಂದಾಗ ಅದು ನಿವಾರಣೆಯಾಯಿತು. ನೂರು ಜನರಿಂದ ಕಂಪನಿ ಮುಳುಗುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಿದ್ಧತೆ ಸಾಲದೆಂದು ಮದ್ರಾಸ್ ಸರ್ಕಾರದ ಕಾರ್ಯದರ್ಶಿ ವೆಬ್ ಎಚ್ಚರಿಸಿದರೂ ಯುದ್ಧ ಹೂಡುವ ಅವನ ಮನಸ್ಸು ಬದಲಾಗಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕ ಪತ್ರಗಳ ಅನುವಾದವನ್ನು ಗೆದ್ದವರೇ ಅಚ್ಚುಹಾಕಿಸಿದರು. ನೀವು ಆಧರಿಸಿದ್ದೂ ಬಹುಮಟ್ಟಿಗೆ ಅವನ್ನೇ. ಓದಬೇಡಿ ಎನ್ನುವುದಿಲ್ಲ, ಬೇರೆ ದಾರಿಯೂ ಇಲ್ಲ; ಆದರೆ ಯುದ್ಧ ಹೂಡಿದವನು ತನ್ನ ಯುದ್ಧಕ್ಕೆ ಒಟ್ಟುಮಾಡಿದ ಕಾರಣಗಳ ಕಂತೆಯನ್ನು ಓದುತ್ತಿದ್ದೇನೆಂಬ ಎಚ್ಚರ ನಿಮ್ಮ ವಾಕ್ಯಗಳಲ್ಲಿ ಕಾಣಬೇಕು. ಟಿಪ್ಪುವಿನ ಹೆಸರೆತ್ತಿದರೆ ನಮ್ಮಲ್ಲಿ ಶುರುವಾಗುವ ಜಗಳ ನಿಮಗೆ ತಿಳಿಯದ್ದಲ್ಲ, ಆ ಜಗಳದ ಎರಡೂ ಕಡೆಯವರು ಇದೇ ಕಂತೆಯಿಂದಲೇ ಹಾಳೆ ಕೀಳುತ್ತಾರೆ.

ಇನ್ನೊಂದು ವಿಷಯ, ಗಾಳಿಯದು. ನನ್ನ ಮೊದಲ ಐತಿಹಾಸಿಕ ಕಥೆಯಲ್ಲಿ ನಾನು ಜುಲೈ ತಿಂಗಳಿನಲ್ಲಿ ಮಂಗಳೂರಿಗೆ ಒಂದು ಹಡಗು ತಂದು ನಿಲ್ಲಿಸಿದ್ದೆ. ಕಡಲಕೆಲಸ ಮಾಡಿ ಹಣ್ಣಾದ ಓದುಗರೊಬ್ಬರು ಕಾರ್ಡಿನಲ್ಲಿ ಒಂದೇ ಸಾಲು ಬರೆದರು: ‘ಸ್ವಾಮಿ, ಆ ಮಳೆಗೆ ಅಳಿವೆ ದಾಟಿಸಿದ ತಂಡೇಲ ಯಾರು?’ ಮೂವತ್ತು ವರ್ಷಗಳಾದರೂ ಆ ಕಾರ್ಡು ನನ್ನ ಮೇಜಿನ ಡ್ರಾಯರಿನಲ್ಲಿದೆ. ನಿಮ್ಮ ರಾಯಭಾರಿಗಳು ಡಿಸೆಂಬರಿನಲ್ಲಿ ಹೊರಟದ್ದಕ್ಕೆ, ಮಳೆಗಾಲ ಹಿಡಿಯುವ ಮೊದಲೇ ಮರಳಿದ್ದಕ್ಕೆ ಕಾರಣ ಗಾಳಿ. ನಡುವೆ ಸುಮಾರು 4,000 ಕಿಲೋಮೀಟರ್ ನೀರು. ಪ್ಯಾರಿಸ್‌ಗೆ ಬರೆದ ಪತ್ರಕ್ಕೆ ಉತ್ತರ ಬರುವುದರೊಳಗೆ ದೊರೆಗಳೇ ಬದಲಾಗಬಹುದಾದ ಕಾಲದಲ್ಲಿ, ಆ ಕಾಯುವಿಕೆಯೇ ದ್ವೀಪದ ಗವರ್ನರನ ದಿನಚರಿ. ನಿಮ್ಮ ಅಧ್ಯಾಯದಲ್ಲಿ ಯಾರೂ ಕಾಯುವುದೇ ಇಲ್ಲ.

ಮಾಲಾರ್ತಿಕ್ 1800ರ ಜುಲೈ 28ರಂದು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ. ಶವಸಂಸ್ಕಾರದ ದಿನ ದ್ವೀಪವನ್ನು ಮುತ್ತಿದ್ದ ಇಂಗ್ಲಿಷ್ ಹಡಗುಗಳೂ ಗೌರವ ಸಲ್ಲಿಸಿದವು. ಪೋರ್ಟ್ ಲೂಯಿಯ ಕುದುರೆ ಪಂದ್ಯದ ಮೈದಾನವಾದ ಶಾಂ ದ ಮಾರ್ಸ್‌ನ ಒಂದು ತುದಿಯಲ್ಲಿ ಅವನ ಸಮಾಧಿಯ ಸೂಜಿಗಂಬವಿದೆ. ಕೃತಜ್ಞ ವಸಾಹತುಗಾರರು ಅದನ್ನು ಕಟ್ಟಲು ತೊಡಗಿದರು, ಪೂರ್ಣವಾದದ್ದು ಬ್ರಿಟಿಷ್ ಗವರ್ನರನೊಬ್ಬನ ಕಾಲದಲ್ಲಿ. ಅವರ ಕೃತಜ್ಞತೆ ಯಾತಕ್ಕೆಂಬುದು ಈಗ ನಿಮಗೆ ಗೊತ್ತಾಗಿರಬೇಕು. ಅವರ ಗುಲಾಮರನ್ನು ಅವರ ಬಳಿಯೇ ಉಳಿಸಿಕೊಟ್ಟಿದ್ದ. ನಿಮ್ಮ ಕಾದಂಬರಿ ಅಲ್ಲಿಯವರೆಗೆ ಹೋಗಬೇಕಾಗಿಲ್ಲ.

ಹಸ್ತಪ್ರತಿಯನ್ನು ಕೊರಿಯರ್‌ನಲ್ಲಿ ಹಿಂದಿರುಗಿಸುತ್ತಿದ್ದೇನೆ. ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದೇನೆ, ಒಪ್ಪಿಗೆಯಾಗದವನ್ನು ರಬ್ಬರಿನಿಂದ ಅಳಿಸಿಬಿಡಿ. ಏಳನೆಯ ಅಧ್ಯಾಯವನ್ನು ಮತ್ತೆ ಬರೆಯುವ ಮೊದಲು ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ ಮಂಗಳೂರಿಗೆ ಹೋಗಿ, ಮಧ್ಯಾಹ್ನದ ಹೊತ್ತು ಹಳೆ ಬಂದರಿನ ಧಕ್ಕೆಯಲ್ಲಿ ನಿಂತು ಬನ್ನಿ. ಹತ್ತು ಸಾವಿರ ಜನ ಬರುತ್ತಾರೆಂದು ಕಾದವರ ಮುಂದೆ ನೂರು ಜನ ಇಳಿದದ್ದು ಆ ಬಿಸಿಲಿನಲ್ಲಿ.

ಇತಿ, ನಿಮ್ಮ ಹಿತೈಷಿ