ಚೀಟಿ ಅಂಟಿಸುವವರಿಗೆ ನಮಸ್ಕಾರ

ಕೋಲಾರದ ಗ್ರಂಥಾಲಯದ ಫಲಕಕ್ಕೆ ಇಂಗ್ಲಿಷ್ ಉಕ್ತಿಗಳ ಚೀಟಿ ಅಂಟಿಸಿ ಹೋಗುವ ಪುಣ್ಯಾತ್ಮರೇ, ನೀವು ಯಾರೋ ಗೊತ್ತಿಲ್ಲ. ಪರೀಕ್ಷೆಗೆ ಓದುವ ನಮ್ಮೆಲ್ಲರ ಪರವಾಗಿ ವಂದನೆ.

ಅಮೆರಿಕದ ಅಧ್ಯಕ್ಷ ಕೆನಡಿ 1961ರಲ್ಲಿ ಆಡಿದ 'ಆಸ್ಕ್ ನಾಟ್ ವಾಟ್ ಯುವರ್ ಕಂಟ್ರಿ ಕ್ಯಾನ್ ಡು ಫಾರ್ ಯು' ಚೀಟಿ ಒಂದೇ ಸಾಕು. 'ವಾಟ್' ಆದಮೇಲೆ ಮೊದಲು ಕರ್ತೃ, ಆಮೇಲೆ 'ಕ್ಯಾನ್'. ನೇರ ಪ್ರಶ್ನೆಯಲ್ಲಿ ಇದು ಅದಲುಬದಲು. ನಮ್ಮ ಕಡೆಯವರು ಎಡವುವುದೇ ಇಲ್ಲಿ: 'ಟೆಲ್ ಮಿ ವೇರ್ ಈಸ್ ದ ಬಸ್' ಅಂತೀವಿ, 'ವೇರ್ ದ ಬಸ್ ಈಸ್' ಆಗಬೇಕು. ಕೆಳಗೆ ಬಂಗಾರಪೇಟೆ ಬಸ್ಸು, ಟೊಮೆಟೊ ಮಂಡಿ ಅಂತ ಐದು ವಾಕ್ಯ ಬರೆದು ಕರ್ತೃವಿನ ಜಾಗ ಖಾಲಿ ಬಿಟ್ಟಿದ್ದೀರಲ್ಲ, ಉಕ್ತಿಯನ್ನು ಬರೀ ಬಾಯಿಪಾಠ ಮಾಡಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. 'ಆಸ್ಕ್ ನಾಟ್' ಹಳೇ ಧಾಟಿ, ಈಗ 'ಡು ನಾಟ್ ಆಸ್ಕ್' ಅಂತಲೇ ಬರೆಯಿರಿ ಎಂಬ ಎಚ್ಚರಿಕೆ ಬೇಕಾಗಿತ್ತು.

1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟ ಆರ್ಮ್‌ಸ್ಟ್ರಾಂಗ್ ಆಡಿದ 'ಒನ್ ಸ್ಮಾಲ್ ಸ್ಟೆಪ್ ಫಾರ್ ಎ ಮ್ಯಾನ್' ಮಾತೂ ಅಷ್ಟೇ. 'ಮ್ಯಾನ್'ಗೆ ಮುಂಚೆ 'ಎ' ಕೇಳಿಸದಿದ್ದರೆ ಒಬ್ಬ ಮನುಷ್ಯನ ಹೆಜ್ಜೆ ಇಡೀ ಮನುಕುಲದ್ದಾಗುತ್ತದೆ. ಆರ್ಟಿಕಲ್ ಕಲಿಸಲು ಇದಕ್ಕಿಂತ ಬೇಕೇ?

ಒಂದೇ ಕೋರಿಕೆ: ಗಮ್ ಬೇಡ, ಮೇಲಿನ ಎರಡು ಮೂಲೆಗೆ ಪಿನ್ನು ಹಾಕಿ. ಉತ್ತರಗಳು ಹಿಂಬದಿಯಲ್ಲಿವೆ!